ಕ್ಷ-ಕಿರಣ ಚಿತ್ರವನ್ನು ನೋಡುವುದೂ ನೋಡಿದುದನ್ನು ಬರೆಯುವುದೂ

ಮಧುಗಿರಿ ಉಪವಿಭಾಗಕ್ಕೆ ಸೇರಿದ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ತಾಲ್ಲೂಕುಗಳಲ್ಲಿ ಹಳೆಯ ಕಡತ, ಸನ್ನದು, ಕ್ರಯಪತ್ರಗಳನ್ನು ಅರಸಿಕೊಂಡು ಮನೆಯಿಂದ ಮನೆಗೆ ಹೋಗುವ ಚರಿತ್ರೆಯ ವಿದ್ಯಾರ್ಥಿಗೆ ಒಂದು ಅನುಭವವು ಮತ್ತೆ ಮತ್ತೆ ಆಗುವುದುಂಟು. ಮನೆಯ ಹಿರಿಯರು ಕಬ್ಬಿಣದ ಟ್ರಂಕನ್ನು ತೆರೆದು ಪಹಣಿ, ಖಾತೆ, ಪಡಿತರ ಚೀಟಿಗಳನ್ನು ಒಂದೊಂದಾಗಿ ಹೊರಗಿಡುತ್ತಾರೆ. ಅವುಗಳ ಅಡಿಯಲ್ಲಿ ಕಂದುಬಣ್ಣದ ದೊಡ್ಡ ಲಕೋಟೆಯೊಂದು ಇರುತ್ತದೆ. ಅದರೊಳಗೆ ಯಾವುದೋ ವರ್ಷ ತೆಗೆಸಿದ ಕ್ಷ-ಕಿರಣ ಚಿತ್ರ, ಅಂದರೆ ಜನರ ಮಾತಿನ ‘ಎಕ್ಸ್‌ರೇ’. ಹಣ ಕೊಟ್ಟು ತೆಗೆಸಿದುದಾದ್ದರಿಂದ ಅದನ್ನು ಎಸೆಯಲು ಯಾರಿಗೂ ಮನಸ್ಸು ಬಾರದು. ಲಕೋಟೆಯ ಮೇಲೆ ಹೆಸರು, ವಯಸ್ಸು, ಒಂದು ಸಂಖ್ಯೆ, ಕೆಲವು ವೇಳೆ ತಾರೀಖು ಇವು ಕಾಣುತ್ತವೆ. ಆದರೆ ಆ ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿದ ವೈದ್ಯರು ಅದರಲ್ಲಿ ಏನನ್ನು ಕಂಡರು, ಕಂಡುದರಿಂದ ಏನೆಂದು ತೀರ್ಮಾನಿಸಿದರು ಎಂಬುದಕ್ಕೆ ಒಂದು ಸಾಲಿನ ಬರಹವೂ ಬಹುಮಟ್ಟಿಗೆ ದೊರೆಯದು.

ಆಸ್ಪತ್ರೆಯ ವೈದ್ಯರು ಕ್ಷ-ಕಿರಣ ಚಿತ್ರಕ್ಕೆ ತಾವು ಮಾಡುವ ವ್ಯಾಖ್ಯಾನವನ್ನು ಎಷ್ಟರಮಟ್ಟಿಗೆ ಬರಹದಲ್ಲಿ ಇಳಿಸುತ್ತಾರೆ, ಇಳಿಸದಿದ್ದರೆ ಯಾರಿಗೆ ಏನು ನಷ್ಟ ಎಂಬುದೇ ಈ ಲೇಖನದ ವಿಷಯ. ನಾವು ವೈದ್ಯರಲ್ಲ, ಯಾವ ವ್ಯಾಖ್ಯಾನವು ಸರಿ, ಯಾವುದು ತಪ್ಪು ಎಂದು ಹೇಳುವ ಅಧಿಕಾರ ನಮಗಿಲ್ಲ. ಆದರೆ ಒಂದು ದಾಖಲೆಯು ದಾಖಲೆಯೆನಿಸಿಕೊಳ್ಳಲು ಅದರಲ್ಲಿ ಏನೇನಿರಬೇಕೆಂಬುದು ಚರಿತ್ರೆಯವರ ಕಸುಬಿಗೆ ಸೇರಿದ ಪ್ರಶ್ನೆಯಾದುದರಿಂದ ಅಷ್ಟರಮಟ್ಟಿಗೆ ಮಾತನಾಡುವ ಧೈರ್ಯ ಮಾಡಿದ್ದೇವೆ.

ರಾಂಟ್ಜನ್ನನು 1895ರಲ್ಲಿ ಕಂಡುಹಿಡಿದ ಈ ಕಿರಣಗಳು ಮೂಳೆಯಂತಹ ದಟ್ಟವಾದ ಪದಾರ್ಥದಲ್ಲಿ ಹೆಚ್ಚು ತಡೆಯಲ್ಪಡುತ್ತವೆ. ಗಾಳಿ ತುಂಬಿದ ಶ್ವಾಸಕೋಶದಲ್ಲಿ ಸುಲಭವಾಗಿ ಹಾದುಹೋಗುತ್ತವೆ. ಹೀಗೆ ಹಾದುಬಂದ ಕಿರಣಗಳು ಮೂಡಿಸುವುದು ನೆರಳಿನ ಚಿತ್ರವನ್ನು. ಎದೆಯ ಮುಂಭಾಗ, ಹಿಂಭಾಗ, ಪಕ್ಕೆಲುಬು, ಹೃದಯ, ರಕ್ತನಾಳ ಎಲ್ಲವೂ ಒಂದರ ಮೇಲೊಂದು ಬಿದ್ದು ಒಂದೇ ಹಾಳೆಯಾಗಿ ಕಾಣುತ್ತವೆ. ಶ್ವಾಸಕೋಶದ ತುದಿಯಲ್ಲಿ ಕಾಣುವ ಬಿಳಿಯ ಮಬ್ಬು ಕ್ಷಯವಾಗಿರಬಹುದು, ಎಂದೋ ವಾಸಿಯಾದ ಕ್ಷಯದ ಕಲೆಯಾಗಿರಬಹುದು, ನ್ಯುಮೋನಿಯಾ ಆಗಿರಬಹುದು, ಗಂತಿಯಾಗಿರಬಹುದು. ಹೆಗಲಿನ ಮೇಲೆ ಇಳಿಬಿದ್ದ ಹೆಂಗಸಿನ ಜಡೆಯೂ ಅಲ್ಲಿ ರೋಗದ ಛಾಯೆಯಂತೆ ತೋರುವುದುಂಟು. ಕೊರಳಿನ ತಾಯಿತವನ್ನು ಬಿಚ್ಚಲು ಒಪ್ಪದವರ ಚಿತ್ರದಲ್ಲಿ ತಾಯಿತವೂ ಬರುತ್ತದೆ. ಚಿತ್ರವು ತಾನಾಗಿ ಏನನ್ನೂ ಹೇಳದು. ಹೇಳುವವರು ವೈದ್ಯರು, ಅವರು ಹೇಳಿದುದು ಬರಹದಲ್ಲಿ ಉಳಿಯದಿದ್ದರೆ ಚಿತ್ರವು ಉಳಿದೂ ಪ್ರಯೋಜನ ಅಲ್ಪ.

ಶಾಸನವನ್ನು ಓದುವವರಿಗೆ ಇದು ಹೊಸ ಸಂಗತಿಯಲ್ಲ. ಬಿ. ಎಲ್. ರೈಸರು 1904ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ 12ನೆಯ ಸಂಪುಟವು ತುಮಕೂರು ಜಿಲ್ಲೆಯ ಶಾಸನಗಳಿಗೆ ಮೀಸಲಾದುದು. ಮಧುಗಿರಿಯು ಅದರಲ್ಲಿ ಮದ್ದಗಿರಿಯೆಂಬ ಹಳೆಯ ಹೆಸರಿನಿಂದಲೇ ಇದೆ. ಕಲ್ಲು ಯಾವ ಊರಿನಲ್ಲಿ ಎಲ್ಲಿ ನಿಂತಿದೆಯೆಂಬುದನ್ನು ಅಲ್ಲಿ ಮೊದಲು ಹೇಳಿದೆ. ಬಳಿಕ ಕಲ್ಲಿನ ಮೇಲೆ ಕಂಡ ಪಾಠವನ್ನು ಕೊಟ್ಟಿದೆ. ಅಕ್ಷರಗಳು ಅಳಿಸಿಹೋದೆಡೆ ಚುಕ್ಕೆಗಳನ್ನು ಇಟ್ಟಿದೆ. ಅನುವಾದವು ಬೇರೆಯೇ ಭಾಗದಲ್ಲಿದೆ. ಕಂಡದ್ದು ಬೇರೆ, ಕಂಡದ್ದರ ಅರ್ಥವೆಂದು ತಾನು ತಿಳಿದದ್ದು ಬೇರೆ ಎಂಬ ಈ ವಿಭಾಗದಿಂದಾಗಿ ಮುಂದಿನ ವಿದ್ವಾಂಸರು ಅನುವಾದವನ್ನು ಒಪ್ಪದೆ ಇದ್ದಾಗಲೂ ಪಾಠವನ್ನು ಬಳಸಿಕೊಳ್ಳಲು, ಪಾಠವನ್ನೇ ಸಂಶಯಿಸಿದಾಗ ಕಲ್ಲಿನ ಬಳಿಗೆ ಹಿಂದಿರುಗಲು ಸಾಧ್ಯವಾಯಿತು. ‘ಶಾಸನವನ್ನು ನೋಡಿದೆವು, ಅದು ದತ್ತಿಶಾಸನ’ ಎಂದಷ್ಟೇ ಬರೆದು ರೈಸರು ಮುಂದೆ ಹೋಗಿದ್ದರೆ ನಮಗೇನು ಉಳಿಯುತ್ತಿತ್ತು? ಆಸ್ಪತ್ರೆಯ ಚೀಟಿಗಳಲ್ಲಿ ನಾವು ಕಾಣುವುದು ಹೆಚ್ಚಾಗಿ ಇಂತಹ ಬರಹವನ್ನೇ: ‘ಎಕ್ಸ್‌ರೇ ನೋಡಲಾಯಿತು’. ಏನನ್ನು ನೋಡಲಾಯಿತೆಂಬುದು ಇಲ್ಲ. ಇನ್ನು ಕೆಲವೆಡೆ ‘ಎನ್. ಎ. ಡಿ.’ ಎಂಬ ಮೂರಕ್ಷರ. ದೋಷವೇನೂ ಕಂಡುಬರಲಿಲ್ಲ ಎಂಬುದು ಅದರ ಅರ್ಥ. ಆ ಮೂರಕ್ಷರಕ್ಕೆ ‘ನಿಜವಾಗಿ ನೋಡಿಲ್ಲ’ ಎಂಬ ಇನ್ನೊಂದು ವಿಸ್ತರಣೆಯನ್ನು ಮಾಡಿ ವೈದ್ಯರು ತಮ್ಮೊಳಗೇ ನಗುವುದುಂಟೆಂದು ಬಲ್ಲವರು ಹೇಳುತ್ತಾರೆ.

ಇದರಿಂದ ಆಗುವ ನಷ್ಟವು ಕೇವಲ ವಿದ್ವಾಂಸರದಲ್ಲ. ನಮ್ಮ ಬಂಧುಗಳೊಬ್ಬರು ಕೊರಟಗೆರೆ ತಾಲ್ಲೂಕಿನ ಹಳ್ಳಿಯೊಂದರ ರೈತರು. ಯೌವನದಲ್ಲಿ ಅವರಿಗೆ ಕ್ಷಯ ತಗುಲಿ, ಮಾತ್ರೆಗಳನ್ನು ಪೂರ್ತಿಯಾಗಿ ನುಂಗಿ ಗುಣವಾಗಿತ್ತು. ಇಪ್ಪತ್ತು ವರ್ಷಗಳಾದ ಮೇಲೆ ಒಂದು ಚಳಿಗಾಲದಲ್ಲಿ ಕೆಮ್ಮು ಹಿಡಿದು ಬಿಡದೆ ಹೋಗಲು ಅವರು ಆಸ್ಪತ್ರೆಯೊಂದಕ್ಕೆ ಹೋದರು. ಚಿತ್ರದಲ್ಲಿ ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ ಛಾಯೆಯಿತ್ತು. ಇದು ಹಳೆಯ ರೋಗದ ಕಲೆಯೋ ಹೊಸ ರೋಗವೋ? ಹಳೆಯ ಚಿತ್ರವನ್ನು ಕೇಳಿದರು. ಅದು ಟ್ರಂಕಿನಲ್ಲಿತ್ತು, ಆದರೆ ತೇವ ತಗುಲಿ ಲಕೋಟೆಗೆ ಅಂಟಿಕೊಂಡು ಹಾಳಾಗಿತ್ತು. ಹಳೆಯ ಚೀಟಿ ಮಾತ್ರ ಉಳಿದಿತ್ತು; ಅದರಲ್ಲಿ ‘ಎಕ್ಸ್‌ರೇ ನೋಡಲಾಯಿತು, ಮಾತ್ರೆ ಮುಂದುವರಿಸಿ’ ಎಂದಿತ್ತು. ಕಫದಲ್ಲಿ ರೋಗಾಣು ಕಾಣಲಿಲ್ಲ. ಆದರೂ ಮುಂಜಾಗ್ರತೆಯೆಂದು ಆರು ತಿಂಗಳ ಚಿಕಿತ್ಸೆಯನ್ನು ಆರಂಭಿಸಿದರು. ಎರಡನೆಯ ತಿಂಗಳಲ್ಲಿ ಆ ಔಷಧಗಳಿಂದ ಕಾಮಾಲೆಯಾಯಿತು. ಹೊಲದ ಕಡಲೆಕಾಯಿ ಕೀಳುವವರಿಲ್ಲದೆ ಹೋಯಿತು. ಚಿಕಿತ್ಸೆಯನ್ನು ನಿಲ್ಲಿಸಿ ಕೆಲವು ತಿಂಗಳಾದ ಮೇಲೆ ಬೇರೊಂದು ಊರಿನಲ್ಲಿ ಮತ್ತೆ ತೆಗೆಸಿದ ಚಿತ್ರದಲ್ಲಿ ಛಾಯೆಯು ಕೂದಲೆಳೆಯಷ್ಟೂ ಬದಲಾಗಿರಲಿಲ್ಲ. ಅದು ಹಳೆಯ ಕಲೆಯೇ ಎಂದು ಅಲ್ಲಿನ ವೈದ್ಯರು ಅಭಿಪ್ರಾಯಪಟ್ಟರು. ಎರಡನೆಯ ಸಾರಿ ಚಿಕಿತ್ಸೆ ಕೊಟ್ಟವರನ್ನು ನಾವು ದೂಷಿಸುವುದಿಲ್ಲ. ಮುಂದಿದ್ದ ಕಾಗದದ ಆಧಾರದ ಮೇಲೆ ಅವರಿಗೆ ಬೇರೆ ದಾರಿ ತೋರಲಿಲ್ಲ. ‘ಬಲಗಡೆ ಮೇಲ್ಭಾಗದಲ್ಲಿ ಎರಡು ಬೆರಳಗಲದ ಛಾಯೆ, ಚಿಕಿತ್ಸೆ ಮುಗಿದಾಗಲೂ ಹಾಗೆಯೇ ಉಳಿದಿದೆ’ ಎಂಬ ಒಂದು ಸಾಲನ್ನು ಇಪ್ಪತ್ತು ವರ್ಷಗಳ ಹಿಂದೆ ಯಾರಾದರೂ ಬರೆದಿದ್ದರೆ ಸಾಕಾಗುತ್ತಿತ್ತು.

ವ್ಯಾಖ್ಯಾನವನ್ನು ಬರೆಯಬೇಕೆನ್ನುವುದಕ್ಕೆ ಇನ್ನೂ ಆಳವಾದ ಕಾರಣವೊಂದಿದೆ. ಅದು ಬೆಳಕಿಗೆ ಬಂದುದು ಅಮೆರಿಕದಲ್ಲಿ, ಒಂದು ರೀತಿಯಲ್ಲಿ ಆಕಸ್ಮಿಕವಾಗಿ. ಎದೆಯ ಚಿತ್ರವನ್ನು ದೊಡ್ಡ ಫಿಲಮ್ಮಿನಲ್ಲಿ ತೆಗೆಯುವುದು ಒಳ್ಳೆಯದೋ ಚಿಕ್ಕದರಲ್ಲಿ ತೆಗೆದರೂ ಸಾಕೋ ಎಂಬುದನ್ನು ಪರೀಕ್ಷಿಸಲು ಬರ್ಕೆಲೊ, ಯೆರುಶಾಲ್ಮಿ ಮೊದಲಾದವರು 1,256 ಜನರ ಚಿತ್ರಗಳನ್ನು ನಾಲ್ಕು ವಿಧಾನಗಳಲ್ಲಿ ತೆಗೆಸಿ ಐವರು ಪರಿಣತರಿಗೆ ಬೇರೆಬೇರೆಯಾಗಿ ಓದಲು ಕೊಟ್ಟರು. 1947ರಲ್ಲಿ ಪ್ರಕಟವಾದ ಫಲಿತಾಂಶವು ಎಲ್ಲರನ್ನೂ ಬೆರಗುಗೊಳಿಸಿತು. ಫಿಲಮ್ಮಿನಿಂದ ಫಿಲಮ್ಮಿಗೆ ಇದ್ದ ವ್ಯತ್ಯಾಸಕ್ಕಿಂತ ಓದುಗನಿಂದ ಓದುಗನಿಗೆ ಇದ್ದ ವ್ಯತ್ಯಾಸವೇ ದೊಡ್ಡದಾಗಿತ್ತು. ಈ ಬಗೆಯ ಅಧ್ಯಯನಗಳಿಂದ ಹೊರಪಟ್ಟ ಅಂದಾಜು ಇದು: ರೋಗಲಕ್ಷಣವುಳ್ಳ ಚಿತ್ರಗಳಲ್ಲಿ ಸುಮಾರು ಮೂರನೆಯ ಒಂದು ಪಾಲಿನ ಬಗ್ಗೆ ಒಬ್ಬ ಪರಿಣತನು ಇನ್ನೊಬ್ಬನನ್ನು ಒಪ್ಪುವುದಿಲ್ಲ, ಕೆಲವು ಕಾಲ ಕಳೆದು ಅದೇ ಚಿತ್ರಗಳನ್ನು ಅವನ ಮುಂದೆಯೇ ಇಟ್ಟರೆ ಸುಮಾರು ಐದನೆಯ ಒಂದು ಪಾಲಿನ ಬಗ್ಗೆ ತನ್ನ ಮೊದಲಿನ ಅಭಿಪ್ರಾಯವನ್ನೇ ಒಪ್ಪುವುದಿಲ್ಲ. ಇವರು ಅನನುಭವಿಗಳಲ್ಲ ಎಂಬುದನ್ನು ಮರೆಯಬಾರದು. ಮೊದಲಿನ ಅಭಿಪ್ರಾಯವು ಬರಹದಲ್ಲಿದ್ದುದರಿಂದಲೇ ಈ ಭಿನ್ನತೆಯು ತಿಳಿದುಬಂತು. ನೆನಪನ್ನೇ ನಂಬಿದ್ದರೆ ಪ್ರತಿಯೊಬ್ಬನೂ ತಾನು ಹಿಂದೆಯೂ ಹೀಗೆಯೇ ಹೇಳಿದ್ದೆನೆಂದು ಸಾಧಿಸುತ್ತಿದ್ದನು.

ಈ ಪಾಠವನ್ನು ಮನಸ್ಸಿಗೆ ತೆಗೆದುಕೊಂಡು ಮಾಡಿದ ಕೆಲಸವೊಂದು ನಮ್ಮ ಜಿಲ್ಲೆಯಲ್ಲಿಯೇ ನಡೆದಿದೆಯೆಂಬುದು ಇಲ್ಲಿನ ಕಾಲೇಜುಗಳಲ್ಲಿ ಎಷ್ಟು ಜನರಿಗೆ ಗೊತ್ತು? ಭಾರತ ಸರ್ಕಾರವು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್‌ಗಳ ನೆರವಿನಿಂದ 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯನ್ನು ಸ್ಥಾಪಿಸಿತು. ಆ ಸಂಸ್ಥೆಯು ಕೈಗೊಂಡ ಮೊದಲ ದೊಡ್ಡ ಕಾರ್ಯಗಳಲ್ಲಿ 1960–61ರ ತುಮಕೂರು ಜಿಲ್ಲೆಯ ಸಮೀಕ್ಷೆಯೂ ಒಂದು. ಯಾದೃಚ್ಛಿಕವಾಗಿ ಆರಿಸಿದ ಹಳ್ಳಿಗಳಿಗೆ ವಾಹನದ ಮೇಲೆ ಕ್ಷ-ಕಿರಣ ಯಂತ್ರವನ್ನು ಒಯ್ದು, ಚಿಕ್ಕ ಮಕ್ಕಳನ್ನು ಬಿಟ್ಟು ಉಳಿದವರೆಲ್ಲರ ಎದೆಯ ಚಿತ್ರವನ್ನು ಸಣ್ಣ ಅಳತೆಯ ಫಿಲಮ್ಮಿನಲ್ಲಿ ತೆಗೆದರು. ಮನೆಮನೆಯ ಜನರನ್ನು ಹೆಸರು ಹಿಡಿದು ಪಟ್ಟಿಮಾಡಿ, ಒಬ್ಬೊಬ್ಬರಿಗೂ ಒಂದು ಚೀಟಿ ಮಾಡಿದರು. ಪ್ರತಿಯೊಂದು ಚಿತ್ರವನ್ನೂ ಇಬ್ಬರು ವೈದ್ಯರು ಓದಿದರು. ಒಬ್ಬರು ಬರೆದುದು ಇನ್ನೊಬ್ಬರಿಗೆ ಕಾಣದು. ಇಬ್ಬರಲ್ಲಿ ಭಿನ್ನಾಭಿಪ್ರಾಯ ಬಂದರೆ ಮೂರನೆಯವರು ನೋಡುವರು. ಛಾಯೆ ಕಂಡವರ ಕಫವನ್ನು ಪರೀಕ್ಷಿಸಿದರು. ಡಾ. ರಾಜ್ ನಾರಾಯಣ ಮತ್ತು ಅವರ ಸಹೋದ್ಯೋಗಿಗಳು 1963ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಚಿತ್ರದ ಮೇಲಿಂದ ಸಕ್ರಿಯ ಕ್ಷಯವೆಂದು ತೋರಿದವರು ನೂರಕ್ಕೆ 2ಕ್ಕಿಂತ ಸ್ವಲ್ಪ ಕಡಿಮೆ; ಕಫದಲ್ಲಿ ರೋಗಾಣು ಕಂಡವರು ಸಾವಿರಕ್ಕೆ ಸುಮಾರು 4.

ಈ ಎರಡು ಅಂಕೆಗಳ ನಡುವಿನ ಅಂತರದಲ್ಲಿಯೇ ನಮ್ಮ ವಿಷಯದ ತಿರುಳಿದೆ. ಚಿತ್ರವು ಹೇಳುವುದು ‘ಇಲ್ಲಿ ಛಾಯೆಯಿದೆ’ ಎಂದು. ‘ಇದು ಕ್ಷಯ’ ಎಂಬುದು ಅನುಮಾನ. ಸಮೀಕ್ಷೆಯ ಚೀಟಿಗಳಲ್ಲಿ ಛಾಯೆಯೂ ಅನುಮಾನವೂ ಕಫದ ಫಲವೂ ಬೇರೆಬೇರೆ ಮನೆಗಳಲ್ಲಿ ದಾಖಲಾಗಿದ್ದುದರಿಂದಲೇ ಅಂತರವು ಎಷ್ಟೆಂದು ಎಣಿಸಲು ಬಂತು. ಒಂದೇ ಚಿತ್ರವನ್ನು ನಂಬಿ ಮಾಡುವ ವ್ಯಾಖ್ಯಾನದ ಮಿತಿಗಳನ್ನು ಕುರಿತು ರಾಜ್ ನಾರಾಯಣರು ಆ ವರ್ಷಗಳಲ್ಲಿಯೇ ಪ್ರತ್ಯೇಕವಾಗಿ ಬರೆದರು.

ಆ ಸಮೀಕ್ಷೆಯಲ್ಲಿ ಗುರುತಿಸಲ್ಪಟ್ಟ ಜನರ ಮನೆಗಳಿಗೆ ಹೋಗಿ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಎಂಬವರು ಇನ್ನೊಂದು ವಿಚಾರಣೆ ನಡೆಸಿದರು. ಹಳ್ಳಿಯವರಿಗೆ ರೋಗದ ಅರಿವಿಲ್ಲ, ಅವರನ್ನು ಹುಡುಕಿಕೊಂಡು ಹೋಗದೆ ಗತಿಯಿಲ್ಲ ಎಂಬುದು ಅಂದಿನ ತಿಳಿವಳಿಕೆಯಾಗಿತ್ತು. 1963ರಲ್ಲಿ ಅವರು ಪ್ರಕಟಿಸಿದ ಫಲಿತಾಂಶವು ಬೇರೆಯೇ ಆಗಿತ್ತು. ರೋಗಾಣು ಕಂಡವರಲ್ಲಿ ಬಹುತೇಕ ಎಲ್ಲರಿಗೂ ತಮ್ಮ ಮೈಯಲ್ಲಿ ಏನೋ ಆಗಿದೆಯೆಂಬ ಅರಿವಿತ್ತು. ಅರ್ಧಕ್ಕಿಂತ ಹೆಚ್ಚು ಜನ ಆಗಲೇ ಆಸ್ಪತ್ರೆಗೋ ವೈದ್ಯರಲ್ಲಿಗೋ ಹೋಗಿದ್ದರು. ಅಂಥವರಲ್ಲಿ ಅನೇಕರು ಕೆಮ್ಮಿನ ಔಷಧದ ಸೀಸೆಯೊಂದನ್ನು ಹಿಡಿದುಕೊಂಡು ಮರಳಿದ್ದರು. ಈ ಮಾತನ್ನು ಓದಿದಾಗಲೆಲ್ಲ ನಮಗೆ ನೋವಾಗುತ್ತದೆ. ಅವರು ನಮ್ಮ ಅಜ್ಜಂದಿರ ಕಾಲದ, ನಮ್ಮ ಜಿಲ್ಲೆಯ ಜನ.

ಇವುಗಳ ಆಧಾರದ ಮೇಲೆ ರೂಪುಗೊಂಡ ಜಿಲ್ಲಾ ಕ್ಷಯರೋಗ ಕಾರ್ಯಕ್ರಮವನ್ನು ಮೊದಲು ಪ್ರಯೋಗಿಸಿ ನೋಡಿದುದು ಪಾವಗಡಕ್ಕೆ ಹೊಂದಿಕೊಂಡಿರುವ ಆಂಧ್ರದ ಅನಂತಪುರ ಜಿಲ್ಲೆಯಲ್ಲಿ. ಅಲ್ಲಿಂದ ಮುಂದಕ್ಕೆ ಕಫ ಪರೀಕ್ಷೆಗೆ ಪ್ರಾಧಾನ್ಯ ದೊರೆತು, ಕ್ಷ-ಕಿರಣವು ಎರಡನೆಯ ಸ್ಥಾನಕ್ಕೆ ಸರಿಯಿತು. ಇದಕ್ಕೆ ವೆಚ್ಚವೂ ಕಾರಣ, ಓದುವವರ ಭಿನ್ನತೆಯೂ ಕಾರಣ. ಆದರೆ 2019–21ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಕ್ಷ-ಕಿರಣವನ್ನು ಕೈಬಿಟ್ಟಿದ್ದರೆ ನೂರಕ್ಕೆ 40ಕ್ಕಿಂತ ಹೆಚ್ಚು ರೋಗಿಗಳು ತಪ್ಪಿಹೋಗುತ್ತಿದ್ದರೆಂದು ಕಂಡುಬಂದ ಮೇಲೆ ಅದು ಮತ್ತೆ ಮುಂದಕ್ಕೆ ಬಂದಿದೆ. ಈಗ ಕೈಯಲ್ಲಿ ಹಿಡಿದು ಒಯ್ಯುವ ಯಂತ್ರಗಳು ಹಳ್ಳಿಗೆ ಬರುತ್ತಿವೆ. ಗಣಕಯಂತ್ರವೇ ಚಿತ್ರವನ್ನು ಓದಿ ಒಂದು ಅಂಕೆಯನ್ನು ಕೊಡುತ್ತದೆ. ಅಂಕೆಯೂ ಅನುಮಾನವೇ. ಅದನ್ನು ನೋಡಿ ವೈದ್ಯರು ಒಪ್ಪಿದರೋ ಬಿಟ್ಟರೋ, ಏಕೆ ಎಂಬುದನ್ನು ಬರೆಯುವ ಅಗತ್ಯ ಈಗ ಹೆಚ್ಚಿದೆಯೇ ಹೊರತು ಕಡಿಮೆಯಾಗಿಲ್ಲ.

ಹಾಗಾದರೆ ಬರೆಯಬೇಕಾದುದು ಎಷ್ಟು? ಅದು ಬಹಳವಲ್ಲ. ಯಾರ ಚಿತ್ರ, ಯಾವ ದಿನದ್ದು, ದೇಹದ ಯಾವ ಭಾಗ, ಎಡವೋ ಬಲವೋ, ಯಾವ ಸಂಶಯದಿಂದ ತೆಗೆಸಿದುದು, ಹಿಂದಿನ ಚಿತ್ರದೊಡನೆ ಹೋಲಿಸಿದರೋ ಇಲ್ಲವೋ, ಕಂಡದ್ದೇನು, ಅದರಿಂದ ತಿಳಿದದ್ದೇನು, ಕೊನೆಯಲ್ಲಿ ಹೆಸರು. ನಾಲ್ಕು ಸಾಲಿನಲ್ಲಿ ಮುಗಿಯುವ ಷರಾ. ಇವುಗಳಲ್ಲಿ ಬಹಳವಾಗಿ ಬಿಟ್ಟುಹೋಗುವುದು ಹೋಲಿಕೆಯ ಮಾತು ಮತ್ತು ಸಂಶಯದ ಮಾತು. ‘ಮೂಳೆ ಮುರಿದಿಲ್ಲ’ ಎಂದು ಬರೆಯುವುದಕ್ಕೂ ‘ಮುರಿತ ಕಾಣಲಿಲ್ಲ, ನೋವು ಉಳಿದರೆ ಹತ್ತು ದಿನ ಬಿಟ್ಟು ಮತ್ತೆ ತೆಗೆಯಬೇಕು’ ಎಂದು ಬರೆಯುವುದಕ್ಕೂ ಇರುವ ಅಂತರವು ಮಣಿಕಟ್ಟಿನ ಸಣ್ಣ ಮೂಳೆ ಮುರಿದವನಿಗೆ ಗೊತ್ತು. ಆ ಮೂಳೆಯ ಬಿರುಕು ಮೊದಲ ದಿನದ ಚಿತ್ರದಲ್ಲಿ ಕಾಣದೆ ಹೋಗುವುದು ವೈದ್ಯಶಾಸ್ತ್ರಕ್ಕೆ ಚೆನ್ನಾಗಿ ತಿಳಿದ ಸಂಗತಿ.

ವೈದ್ಯರ ಕಷ್ಟವನ್ನೂ ಹೇಳದಿದ್ದರೆ ಅನ್ಯಾಯವಾದೀತು. ತಾಲ್ಲೂಕು ಮಟ್ಟದಲ್ಲಿ ಚಿತ್ರವನ್ನು ಬರೆಯಿಸಿದ ವೈದ್ಯರೇ ಅದನ್ನು ಓದುವುದು ಸಾಮಾನ್ಯ. ಅದಕ್ಕೆಂದೇ ನೇಮಕವಾದ ತಜ್ಞರು ಎಲ್ಲೆಡೆಯೂ ಇರುವುದಿಲ್ಲ. ಸಂತೆಯ ದಿನ ಹೊರರೋಗಿಗಳ ಸಾಲು ಬಾಗಿಲನ್ನು ದಾಟಿ ಅಂಗಳಕ್ಕೆ ಇಳಿದಿರುತ್ತದೆ. ಕಿಟಕಿಯ ಬೆಳಕಿಗೆ ಹಿಡಿದು ಕ್ಷಣಕಾಲ ನೋಡಿ ‘ಏನೂ ಇಲ್ಲ, ಹೋಗಪ್ಪ’ ಎಂದರೆ ರೋಗಿಗೂ ಸಮಾಧಾನ. ಬರೆಯಲು ಕೊಟ್ಟಿರುವ ಜಾಗ ಅಂಗೈಯಗಲದ ಚೀಟಿ. ಮೇಲಾಗಿ ಚಿತ್ರವೂ ಚೀಟಿಯೂ ರೋಗಿಯ ಜೊತೆಯಲ್ಲಿಯೇ ಮನೆಗೆ ಹೋಗುವುದರಿಂದ, ತಾವು ಬರೆದುದನ್ನು ಮುಂದೆ ತಾವೇ ನೋಡುವೆವೆಂಬ ನಿರೀಕ್ಷೆ ವೈದ್ಯರಿಗಿಲ್ಲ. ಬರೆಯುವ ಅಭ್ಯಾಸವು ಸಡಿಲವಾಗಲು ಇದೇ ಮುಖ್ಯ ಕಾರಣವೆಂದು ನಮಗೆ ತೋರುತ್ತದೆ.

ನಮ್ಮ ಸೀಮೆಗೆ ವಿಶೇಷವಾದ ಸಂಗತಿಯೊಂದಿದೆ. ಪಾವಗಡ, ಶಿರಾ, ಮಧುಗಿರಿ ಭಾಗದ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಂಶವು ಅಧಿಕವೆಂಬುದು ಎಲ್ಲರೂ ಬಲ್ಲ ವಿಷಯ. ಲೀಟರಿಗೆ 1.5 ಮಿಲಿಗ್ರಾಮು ಅನುಮತಿಯುಳ್ಳ ಕೊನೆಯ ಮಿತಿ. ವರ್ಷಗಟ್ಟಲೆ ಅದನ್ನು ಮೀರಿದ ನೀರು ಕುಡಿದವರ ಬೆನ್ನುಮೂಳೆ ಚಿತ್ರದಲ್ಲಿ ಅಸಹಜವಾಗಿ ಬೆಳ್ಳಗೆ, ದಟ್ಟವಾಗಿ ಕಾಣುತ್ತದೆ. ಮುಂಗೈಯ ಎರಡು ಮೂಳೆಗಳ ನಡುವಿನ ಪೊರೆ ಸುಣ್ಣಗಟ್ಟುತ್ತದೆ. ಸೊಂಟ ಹಿಡಿದು ಬಂದ ರೈತನ ಚಿತ್ರವನ್ನು ನೋಡಿ ‘ವಯಸ್ಸಿನ ಸವೆತ’ ಎಂದು ಬರೆದರೆ ಅವನಿಗೆ ನೋವಿನ ಮಾತ್ರೆ ದೊರೆಯುತ್ತದೆ. ಕಂಡದ್ದನ್ನು ಕಂಡಂತೆ ಬರೆದು, ಪಕ್ಕದಲ್ಲಿ ಯಾವ ಊರಿನ ನೀರೆಂದು ಸೇರಿಸಿದರೆ ಆ ಊರಿನ ಬಾವಿಯ ಮೇಲೆ ಸಂಶಯ ಹುಟ್ಟುತ್ತದೆ. ಒಬ್ಬನ ಚೀಟಿ ಹೀಗೆ ಊರಿನ ದಾಖಲೆಯಾಗಬಲ್ಲದು.

ನ್ಯಾಯಾಲಯದಲ್ಲಿ ಈ ಬರಹದ ಬೆಲೆ ಇನ್ನೂ ಸ್ಪಷ್ಟ. ಹುಡುಗನೋ ಹುಡುಗಿಯೋ ಅಪ್ರಾಪ್ತರೇ ಎಂಬ ಪ್ರಶ್ನೆ ಬಂದು, ಶಾಲೆಯ ದಾಖಲೆಯಾಗಲಿ ಜನನಪತ್ರವಾಗಲಿ ಇಲ್ಲದಾಗ ಮೂಳೆಗಳ ಚಿತ್ರದಿಂದ ವಯಸ್ಸನ್ನು ಅಂದಾಜು ಮಾಡುವ ಕ್ರಮವಿದೆ. 2015ರ ಬಾಲನ್ಯಾಯ ಕಾಯಿದೆಯು ಇದನ್ನು ಕೊನೆಯ ಉಪಾಯವೆಂದು ಇಟ್ಟಿದೆ. ಇಂತಹ ಅಂದಾಜಿನಲ್ಲಿ ಎರಡು ಪಕ್ಕಕ್ಕೂ ಎರಡೆರಡು ವರ್ಷದ ತಪ್ಪಿಗೆ ಅವಕಾಶವಿದೆಯೆಂದು ಸರ್ವೋಚ್ಚ ನ್ಯಾಯಾಲಯವು 1982ರಲ್ಲಿಯೇ ಹೇಳಿತು. ವೈದ್ಯರು ಯಾವ ಕೀಲಿನ ಮೂಳೆ ಕೂಡಿಕೊಂಡಿದೆ, ಯಾವುದು ಕೂಡಿಲ್ಲ ಎಂಬುದನ್ನು ಬರೆಯದೆ ‘ಸುಮಾರು ಹದಿನೆಂಟು’ ಎಂದು ಮಾತ್ರ ಬರೆದರೆ ಆ ನಾಲ್ಕು ವರ್ಷಗಳ ಅಂತರದಲ್ಲಿ ಒಂದು ಜೀವದ ಭವಿಷ್ಯವೇ ಅಡಗಿಹೋಗುತ್ತದೆ.

ಬರೆದದ್ದು ಉಳಿಯುವುದು ಬೇರೆಯೇ ಪ್ರಶ್ನೆ. 2002ರ ವೈದ್ಯಕೀಯ ನಡವಳಿಕೆಯ ನಿಯಮಗಳ ಪ್ರಕಾರ ಒಳರೋಗಿಗಳ ದಾಖಲೆಗಳನ್ನು ಚಿಕಿತ್ಸೆಯು ಆರಂಭವಾದಂದಿನಿಂದ ಮೂರು ವರ್ಷ ಇಟ್ಟುಕೊಳ್ಳಬೇಕು. ರೋಗಿಯು ಕೇಳಿದರೆ 72 ಗಂಟೆಗಳೊಳಗೆ ಕೊಡಬೇಕು. ಮೂರು ವರ್ಷವೆಂಬುದು ಚರಿತ್ರೆಯವರ ಎಣಿಕೆಯಲ್ಲಿ ಕಣ್ಣುಮಿಟುಕಿಸುವಷ್ಟು ಕಾಲ. ಹಳೆಯ ಫಿಲಮ್ಮುಗಳಲ್ಲಿ ಬೆಳ್ಳಿಯ ಅಂಶವಿರುವುದರಿಂದ ಅವನ್ನು ತೂಕಕ್ಕೆ ಕೊಂಡು ಬೆಳ್ಳಿ ತೆಗೆಯುವ ವ್ಯಾಪಾರಿಗಳಿದ್ದಾರೆ. ಮನೆಗಳಲ್ಲಿ ಉಳಿದುವನ್ನು ಸೂರ್ಯಗ್ರಹಣದ ದಿನ ಮಕ್ಕಳು ಕಣ್ಣಿಗೆ ಹಿಡಿಯುತ್ತಾರೆ. ಇದು ಕಣ್ಣಿಗೆ ಅಪಾಯವೆಂಬುದನ್ನು ನಮ್ಮ ವಿದ್ಯಾರ್ಥಿಗಳು ಮನೆಯಲ್ಲಿ ಹೇಳಲಿ. ಈಚೆಗೆ ಫಿಲಮ್ಮೇ ಅಪರೂಪವಾಗಿ, ಚಿತ್ರವು ಗಣಕದ ಪರದೆಯ ಮೇಲೆ ಬರುತ್ತದೆ. ಅದರ ಛಾಯಾಚಿತ್ರವು ಮೊಬೈಲಿನಿಂದ ಮೊಬೈಲಿಗೆ ಹೋಗುತ್ತದೆ. ಹೀಗೆ ಕಳುಹಿಸುವಾಗ ಎದೆಯ ಭಾಗವಷ್ಟೇ ಬರುವಂತೆ ಕತ್ತರಿಸಿದರೆ, ಮೂಲೆಯಲ್ಲಿದ್ದ ಹೆಸರು, ತಾರೀಖು, ಎಡಬಲದ ಗುರುತು ಹೊರಗೆ ಉಳಿಯುತ್ತವೆ. ನಮ್ಮ ಬಂಧುಗಳ ಮೂರನೆಯ ಚಿತ್ರವು ನಮ್ಮ ಬಳಿಯಿರುವುದು ಈ ರೂಪದಲ್ಲಿಯೇ. ಅದನ್ನು ನೋಡಿದ ವೈದ್ಯರ ಅಭಿಪ್ರಾಯವನ್ನು ಕೇಳಿ ಬರೆಯಿಸಿಕೊಂಡು, ತಾರೀಖನ್ನೂ ಸಹಿಯನ್ನೂ ಹಾಕಿಸಿ, ಆ ಕಾಗದವನ್ನು ಪಹಣಿಯ ಜೊತೆಯಲ್ಲಿ ಇಟ್ಟಿದ್ದೇವೆ.